ಕೊಪ್ಪರಿಗೆಯ ಒಣ ಹಳ್ಳ

ಮಂಗಳ ಗ್ರಹದಲ್ಲಿ ಕೆರೆ ಕಟ್ಟಿದ ಜನರಿದ್ದಾರೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ, ತಪ್ಪೇನಿಲ್ಲ. ಕಟ್ಟಿದವರೇ ಒಂದೊಂದು ಸಲ ನಕ್ಕು ನಕ್ಕು, ಹೆಲ್ಮೆಟ್ಟಿನೊಳಗೆ ಕಣ್ಣೊರೆಸಿಕೊಳ್ಳಲೂ ಆಗದೆ, ಮತ್ತೆ ಗುದ್ದಲಿ ಹಿಡಿದಿದ್ದರು.

ಆ ಕೆರೆಗೆ ಮುನ್ನೂರು ಮಾರು ಉದ್ದದ ಏರಿ ಇತ್ತು. ಏರಿಗೆ ಕಲ್ಲುಕಟ್ಟಡದ ಹೊದಿಕೆ ಇತ್ತು. ತೂಬಿತ್ತು, ಕೋಡಿ ಇತ್ತು, ಕೋಡಿಯ ಪಕ್ಕದಲ್ಲಿ ಗಂಗಮ್ಮನ ಹೆಸರು ಹೇಳಿ ನಿಲ್ಲಿಸಿದ ಮೂರು ಕಲ್ಲುಗಳೂ ಇದ್ದವು. ನೀರೊಂದಿರಲಿಲ್ಲ. ಇಪ್ಪತ್ತು ವಸಂತಗಳು ಕಳೆದರೂ ಅದರಲ್ಲಿ ಗುಬ್ಬಿಯೊಂದು ಮೂಗು ಅದ್ದುವಷ್ಟು ನೀರು ಬಂದಿರಲಿಲ್ಲ. ಗುಬ್ಬಿಯೂ ಇರಲಿಲ್ಲ, ಅದು ಬೇರೆ ಮಾತು.

ಊರಿನ ಹೆಸರು ಕೊಪ್ಪರಿಗೆ. ಯಾವುದೋ ಕಾಲದಲ್ಲಿ ಆಕಾಶದಿಂದ ಬಂಡೆಯೊಂದು ಬಿದ್ದು ನೆಲಕ್ಕೆ ಗುದ್ದಿ ತೋಡಿದ ಕುಳಿ ಅದು. ಮೇಲಿನಿಂದ ನೋಡಿದರೆ ಮದುವೆ ಮನೆಯ ಕೊಪ್ಪರಿಗೆಯ ತಳಕ್ಕೆ ಅಂಟಿಕೊಂಡ ನಾಲ್ಕು ಅಗುಳಿನ ಹಾಗೆ ನಾಲ್ಕುನೂರು ಜನ ಕಾಣುತ್ತಿದ್ದರು. ಸುತ್ತಲೂ ಆಕಾಶ ಮುಟ್ಟುವ ಗೋಡೆ. ಅದರಲ್ಲಿ ಬಿಸಿಲು ಕಡಿಮೆ ಬೀಳುವ ಬಡಗಣ ಗೋಡೆಯ ಮೇಲೆ ಕೊರಕಲುಗಳಿದ್ದವು. ನೆತ್ತಿಯಲ್ಲಿ ಬೊಗಸೆಯಂಥ ತಗ್ಗು, ತಗ್ಗಿನಿಂದ ಬಳುಕುತ್ತ ಇಳಿಯುವ ಕಾಲುವೆ, ಬುಡದಲ್ಲಿ ಬೀಸಣಿಗೆ ಬಿಚ್ಚಿದಂತೆ ಹರಡಿದ ಮಣ್ಣು. ಬೇರೆ ಯಾವ ದೇಶದವರು ಬಂದಿದ್ದರೂ ಮೊದಲು ಯಂತ್ರ ಹಚ್ಚಿ ಪರೀಕ್ಷೆ ಮಾಡುತ್ತಿದ್ದರು. ಇಲ್ಲಿಗೆ ಬಂದವರು ಕೋಲಾರದ ಕಡೆಯ ಮಣ್ಣು ಕೆಲಸದವರು. ಮನೆಗಳ ಮೇಲೆ ಮಣ್ಣೇರಿಸಿ ಆಕಾಶದ ವಿಷಕಿರಣ ತಡೆಯಲೆಂದು ಕರೆತಂದಿದ್ದ ನಲವತ್ತು ಜನ. ಹುಟ್ಟಿದಾಗಿನಿಂದ ಕೆರೆ ಬಿಟ್ಟು ಬೇರೇನನ್ನೂ ನೋಡದ ಕಣ್ಣುಗಳು ಅವು. ನೌಕೆಯಿಂದ ಇಳಿದ ಮೂರನೆಯ ದಿನವೇ ಕೊರಕಲಿನ ಕಡೆ ಬೆರಳು ಮಾಡಿ, "ಇಷ್ಟು ಚೆಂದದ ಹಳ್ಳ ಐತೆ, ಏರಿ ಯಾಕೆ ಹಾಕಿಲ್ಲ?" ಎಂದು ಕೇಳಿದ್ದರು.

ಹಾಗೆ ಕೇಳಿದವನು ವೆಂಕಟರೋಣಪ್ಪ. ಅವನ ಹೆಂಡತಿ ಬೈಯಮ್ಮ.

ಬೈಯಮ್ಮನ ತವರಿನದು ನೀರಗಂಟಿ ಮನೆತನ. ಕೆರೆಯ ತೂಬು ತೆಗೆಯುವುದು, ಗದ್ದೆ ಗದ್ದೆಗೆ ನೀರು ಹಂಚುವುದು, ಹೊಸ ನೀರು ಬಂದಾಗ ಊರಿಗೆ ಸಾರುವುದು ನೀರಗಂಟಿಯ ಕೆಲಸ. ಅವನು ಬಂತು ಎಂದರೆ ಬಂತು, ಇಲ್ಲವೆಂದರೆ ಇಲ್ಲ. ಮೊಣಕಾಲವರೆಗೆ ನೀರಲ್ಲಿ ನಿಂತಿದ್ದರೂ ಅವನು ಹೇಳುವವರೆಗೆ ಹೆಂಗಸರು ಬಾಗಿನ ತರುತ್ತಿರಲಿಲ್ಲ. ಗಂಡುಮಕ್ಕಳಿಲ್ಲದ ಮನೆಗೆ ವೆಂಕಟರೋಣಪ್ಪ ಅಳಿಯನಾಗಿ ಬಂದ. ಮಂಗಳಕ್ಕೆ ಬಂದ ಮೇಲೂ ಅದೇ ಲೆಕ್ಕ: ಗೋಡೆ ನೋಡುವ ಕಣ್ಣು ಅವನದು, ಊರಿಗೆ ಹೇಳುವ ಮಾತು ಅವಳದು. ಉಳಿದ ದಿನಗಳಲ್ಲಿ ಬೈಯಮ್ಮ ಕೋಲು ಹಿಡಿದು ಊರಿನ ಪೈಪುಗಳನ್ನು ತಟ್ಟುತ್ತ ಓಡಾಡುತ್ತಿದ್ದಳು. ತಟ್ಟಿದ ಸದ್ದಿನಲ್ಲೇ ಎಲ್ಲಿ ಸೋರುತ್ತಿದೆ, ಯಾರ ಮನೆಯಲ್ಲಿ ಹೆಚ್ಚು ಹೊತ್ತು ಸ್ನಾನ ಮಾಡುತ್ತಾರೆ, ಯಾರಿಗೆ ಯಾರ ಮೇಲೆ ಸಿಟ್ಟಿದೆ, ಎಲ್ಲ ತಿಳಿಯುತ್ತದೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಇಲ್ಲಿಯ ಒಂದು ವರ್ಷ ಭೂಮಿಯ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ. ಪ್ರತಿ ಚಳಿಗಾಲದಲ್ಲೂ ಗೋಡೆಯ ಮೇಲೆ ಬಿಳಿ ಮಂಜು ಕೂರುತ್ತಿತ್ತು. ಪ್ರತಿ ವಸಂತದಲ್ಲೂ ಕೊರಕಲು ಒಂದಿಷ್ಟು ಉದ್ದವಾಗುತ್ತಿತ್ತು, ಬುಡದಲ್ಲಿ ಹೊಸ ಮಣ್ಣು ಬಿದ್ದಿರುತ್ತಿತ್ತು. ಹೋಗಿ ನೋಡಿದರೆ ಒಣಕಲು. "ನಾವು ಬರೋ ಅಷ್ಟರಲ್ಲಿ ಇಂಗೋಗೈತೆ," ಎನ್ನುತ್ತಿದ್ದ ವೆಂಕಟರೋಣಪ್ಪ. ಬರಿ ನೀರು ಇಲ್ಲಿಯ ಗಾಳಿಗೆ ಬಿದ್ದರೆ ಕುದಿಯುತ್ತ ಕುದಿಯುತ್ತಲೇ ಹೆಪ್ಪುಗಟ್ಟುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಅದಕ್ಕೂ ಅವನ ಬಳಿ ಉತ್ತರವಿತ್ತು. "ಇದು ಉಪ್ಪು ನೀರು ಕಣೆ. ಉಪ್ಪು ತಿಂದಿರೋದು ಬೇಗ ಸಾಯಲ್ಲ."

ಆರು ವಸಂತಗಳ ಹಿಂದೆ ಅವನೇ ಹೋದ. ಎದೆಯಲ್ಲಿ ಕೆಂಪು ದೂಳು ತುಂಬಿಕೊಂಡು ಎರಡು ತಿಂಗಳು ಮಲಗಿದ್ದ. ದಿನಾ ಬೆಳಗ್ಗೆ ಕಣ್ಣು ಬಿಟ್ಟೊಡನೆ ಕೇಳುತ್ತಿದ್ದದ್ದು ಒಂದೇ. "ಬಂತಾ?" ಬೈಯಮ್ಮ, "ಇನ್ನೂ ಇಲ್ಲ" ಎನ್ನುತ್ತಿದ್ದಳು. ಸಾಯುವವನಿಗೆ ಬಂತು ಅಂತ ಒಂದು ಸುಳ್ಳು ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಅಕ್ಕಪಕ್ಕದವರು ಬೈದರು. ಅವಳ ನಾಲಗೆ ತಿರುಗಲಿಲ್ಲ. ಕೊನೆಗೊಂದು ಬೆಳಗ್ಗೆ, ಆಗಲಿ, ಹೇಳಿಯೇ ಬಿಡೋಣ ಎಂದು ಬಾಯಿ ತೆರೆದಳು. ಅವನು ಕೇಳಲಿಲ್ಲ.

ಇಟ್ಟಿಗೆ ಸುಡುವ ವಿದ್ಯುತ್ ಒಲೆಯಲ್ಲಿ ಅವನನ್ನು ಬೂದಿ ಮಾಡಿದರು. ಬೂದಿಯನ್ನು ಹರಿಯುವ ನೀರಿಗೆ ಬಿಡಬೇಕು. ಹರಿಯುವ ನೀರು ಎಲ್ಲಿದೆ? ನೆಲದಡಿಯ ಮಂಜುಗಡ್ಡೆ ಕರಗಿಸಿ ಪೈಪಿನಲ್ಲಿ ಓಡಿಸುವ ನೀರಿದೆಯಲ್ಲ, ಅದಕ್ಕೇ ಬಿಡಿ ಎಂದು ಊರಿನ ಆಡಳಿತ ನೋಡುವ ಕಂಟ್ರೋಲ್ ರೂಮಿನವರು ಹೇಳಿ ಕಳಿಸಿದ್ದರು. ಬೈಯಮ್ಮ ಅಲ್ಲಿಗೇ ಹೋಗಿ ನಿಂತು ಕೇಳಿದಳು. "ಆ ನೀರು ಎಲ್ಲಿಗೆ ಹೋಗ್ತೈತೆ ಸ್ವಾಮಿ? ಊರೆಲ್ಲ ಸುತ್ತಿ, ಶೋಧಿಸ್ಕಂಡು, ತಿರುಗಾ ಲೋಟಕ್ಕೇ ಬರ್ತೈತೆ. ನಮ್ಮ ಯಜಮಾನನ್ನ ನಾಳೆ ಕಾಫೀಲಿ ಕುಡೀಲಾ? ನೀವು ಕುಡೀತೀರಾ? ಹರಿಯೋದು ಅಂದ್ರೆ ಹೋಗೋದು. ಹೋಗಿ ವಾಪಸ್ ಬರೋದಲ್ಲ."

ಕಂಟ್ರೋಲ್ ರೂಮಿನವರು ಒಂದು ವಾರ ಕಾಫಿ ಮುಟ್ಟಲಿಲ್ಲವಂತೆ.

ಅವನಿಗಿಂತ ಮೊದಲು ಹೋದವರದೂ, ಆಮೇಲೆ ಹೋದವರದೂ ಇದೇ ಕಥೆ. ಹಳ್ಳ ಬಂದ ದಿನ ನೀರಗಂಟಿಯೇ ಹೇಳುತ್ತಾಳಲ್ಲ ಎಂದು ಎಲ್ಲರೂ ತಮ್ಮ ತಮ್ಮ ಡಬ್ಬಿಗಳನ್ನು ಬೈಯಮ್ಮನ ಮನೆಯಲ್ಲೇ ತಂದಿಟ್ಟರು. ಅಡುಗೆ ಕಟ್ಟೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಇಪ್ಪತ್ಮೂರು ಅಲ್ಯೂಮಿನಿಯಂ ಡಬ್ಬಿ. ಬೈಯಮ್ಮ ಮುದ್ದೆ ತಿರುವುತ್ತ ಅವರೊಂದಿಗೆಲ್ಲ ಮಾತಾಡುತ್ತಿದ್ದಳು. ಬದುಕಿದ್ದಾಗ ಮೂತಿ ತಿರುಗಿಸಿಕೊಂಡಿದ್ದ ಪಾಪಕ್ಕನ ಡಬ್ಬಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳು ಎಂದರೆ ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಚಳಿಗಾಲ ಮುಗಿಯುತ್ತ ಬಂದಿದ್ದ ಒಂದು ಬೆಳಗ್ಗೆ ನಸೀಮಾ ಬಂದಳು. ಪಕ್ಕದ ಮನೆಯಲ್ಲಿ ಹುಟ್ಟಿ ಬೈಯಮ್ಮನ ಕೈತುತ್ತು ತಿಂದು ಬೆಳೆದವಳು, ಈಗ ಲ್ಯಾಬಿನಲ್ಲಿ ನೆಲದ ವಿಜ್ಞಾನಿ. ಎರಡು ವಸಂತಗಳ ಹಿಂದೆ ಕೊರಕಲಿನ ನೆತ್ತಿಯ ತಗ್ಗಿನಲ್ಲಿ ಹನ್ನೆರಡು ಯಂತ್ರದ ಕಿವಿಗಳನ್ನು ಹೂತು ಬಂದಿದ್ದಳು. ಮಂಜಿನಡಿಯಲ್ಲಿ ಒಂದು ಹರಳು ಉರುಳಿದರೂ ಆ ಕಿವಿಗಳಿಗೆ ಕೇಳುತ್ತಿತ್ತು.

"ಏನಮ್ಮಿ, ಮೋರೆ ಸುಟ್ಟ ಬದನೆಕಾಯಿ ಮಾಡ್ಕಂಡು ಬಂದಿದೀಯ?" ಎಂದಳು ಬೈಯಮ್ಮ.

"ಅತ್ತೆ, ಕೂತ್ಕಂಡು ಕೇಳ್ತೀಯಾ?"

"ಕೂತೇ ಇವ್ನಿ. ಇನ್ನೂ ಕೂತ್ರೆ ನೆಲದೊಳಕ್ಕೆ ಹೋಗ್ತೀನಿ. ಹೇಳು."

"ಹೋದ ವಸಂತದಾಗೆ ಆ ಆನೆಮರಿಯಂಥ ಕಲ್ಲು ಬಂತಲ್ಲ, ಏರಿ ಕೊನೆ ಹಾರ್ಕಂಡು?"

"ಬಂತು. ಗಾಜಿನ ತೋಟದ ಮುಂದೆ ಕೂತೈತೆ. ನೆಂಟರ ಥರ."

"ಗಾಜಿಗೂ ಅದಕ್ಕೂ ಹನ್ನೆರಡೇ ಹೆಜ್ಜೆ, ಅತ್ತೆ. ಊರಿನ ಊಟ ಎಲ್ಲ ಅಲ್ಲೇ ಬೆಳೆಯೋದು. ಉಸಿರು ಅರ್ಧ ಅಲ್ಲಿಂದಾನೇ ಬರೋದು. ಇನ್ನೊಂದು ಕಲ್ಲು ಹಂಗೆ ಬಂದ್ರೆ ನಾವ್ಯಾರೂ ಇರಲ್ಲ. ಅದಕ್ಕೆ ಕಂಟ್ರೋಲ್ ರೂಮಿನ ದೊರೆಸ್ವಾಮಿ ಸಾರು, ಈ ವಸಂತ ಕಳೀತಲೂವೆ ಮೇಲಿನ ತಗ್ಗಿಗೆ ಕರಿ ಹೊದಿಕೆ ಹಾಸಿಬಿಡ್ತಾರಂತೆ. ಕರೆಂಟಿನ ಹೊದಿಕೆ, ಬೆಚ್ಚಗಿರ್ತೈತೆ. ಮಂಜು ಕೂರಲ್ಲ. ಮಂಜು ಕೂರದಿದ್ರೆ ಕೊರಕಲು ಹರಿಯಲ್ಲ. ನಿನ್ನ ಹೆಬ್ಬೆಟ್ಟು ಬೇಕು."

ನೀರಗಂಟಿಯ ಒಪ್ಪಿಗೆ ಇಲ್ಲದೆ ಹಳ್ಳದ ದಾರಿ ಮುಚ್ಚಬಾರದು ಎಂಬುದು ಕೊಪ್ಪರಿಗೆಯ ಕಾಯಿದೆ ಪುಸ್ತಕದ ಮೊದಲನೆಯ ಸಾಲು. ಉಸಿರಾಡುವ ಗಾಳಿಯ ವಿಷಯ ಬರುವುದು ಎರಡನೆಯ ಸಾಲಿನಲ್ಲಿ. ಬರೆಸಿದವರು ಆ ನಲವತ್ತು ಜನ.

ಬೈಯಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನೀರು ಬರೋ ದಾರಿ ಮುಚ್ಚೋಕೆ ನನ್ನ ಹೆಬ್ಬೆಟ್ಟಾ?"

"ಅದು ನೀರು ಬರೋ ದಾರಿ ಅಲ್ಲ ಅತ್ತೆ."

"ಯಾರಂದ್ರು?"

"ಗೋಡೇನೇ ಅಂತು. ಎರಡು ವಸಂತ ಕಿವಿಗೊಟ್ಟು ಕೇಳಿದೀನಿ."

ಬೈಯಮ್ಮ ಸೌಟು ಎತ್ತಿಕೊಂಡು ಬರಿ ಪಾತ್ರೆಯನ್ನು ತಿರುವತೊಡಗಿದಳು. ಗಾಬರಿಯಾದ ನಸೀಮಾ ಅವಳ ಕೈ ಹಿಡಿದು ಲ್ಯಾಬಿಗೆ ಕರೆದುಕೊಂಡು ಹೋದಳು.

ಲ್ಯಾಬಿನಲ್ಲಿ ಮಂಚದಷ್ಟು ದೊಡ್ಡ ಗಾಜಿನ ಪೆಟ್ಟಿಗೆ ಇತ್ತು. ಅದರೊಳಗೆ ಹೊರಗಿನದೇ ತೆಳು ಗಾಳಿ, ಹೊರಗಿನದೇ ಚಳಿ. ಗೋಡೆಯ ಮರಳನ್ನೇ ತಂದು ಇಳಿಜಾರಾಗಿ ಹಾಸಿದ್ದರು.

"ಮಾವ ಉಪ್ಪು ನೀರು ಅಂತಿದ್ರಲ್ಲ, ಅದನ್ನೂ ನೋಡಿದೆ," ಎಂದಳು ನಸೀಮಾ. "ಕೊರಕಲು ಹರಿಯೋ ಹೊತ್ತಿಗೆ ಅಲ್ಲಿ ಸೊನ್ನೆಗಿಂತ ನೂರಿಪ್ಪತ್ತು ಡಿಗ್ರಿ ಕೆಳಗಿರ್ತೈತೆ. ಆ ಚಳೀಲಿ ಎಂಥಾ ಉಪ್ಪು ನೀರೂ ಕಲ್ಲೇ ಅತ್ತೆ. ಹರಿಯಲ್ಲ."

"ಮತ್ತೆ ಹರಿಯೋದು ಯಾವ್ದು?"

"ಗೋಡೆ ಮೇಲೆ ಕೂತಿರೋ ಮಂಜು ನೀರಿನ ಮಂಜಲ್ಲ. ಇಲ್ಲಿ ಗಾಳೀನೇ ಚಳಿಗೆ ಹೆಪ್ಪುಗಟ್ಟಿ ಕೂತಿರೋದು. ಡ್ರೈ ಐಸು. ಅದು ಕರಗಿ ನೀರಾಗಲ್ಲ, ನೆಟ್ಟಗೆ ತಿರುಗಾ ಗಾಳೀನೇ ಆಗ್ತೈತೆ. ನೋಡು."

ಮರಳಿನ ಮೇಲೆ ಅಂಗೈ ದಪ್ಪದ ಬಿಳಿ ಪದರ ಹಾಸಿತ್ತು, ಗಾಜಿನಂತೆ ಬೆಳಕು ತೂರಿಹೋಗುವ ಪದರ. ನಸೀಮಾ ದೀಪ ಹಾಕಿದಳು. ಬೆಳಕು ಮಂಜನ್ನು ದಾಟಿ ಕೆಳಗಿನ ಕಪ್ಪು ಮರಳನ್ನು ಕಾಯಿಸಿತು. ಮರಳು ಕಾದಂತೆ ಅದಕ್ಕಂಟಿದ ಮಂಜು ಗಾಳಿಯಾಗಿ, ಹೊರಬರಲು ದಾರಿ ಸಿಗದೆ, ಮುಚ್ಚಳದಡಿಯ ಆವಿಯಂತೆ ಒದ್ದಾಡತೊಡಗಿತು. ಪದರ ಒಮ್ಮೆ ನಡುಗಿತು. ಪಟ್ಟನೆ ಬಿರಿಯಿತು. ಬಿರುಕಿನಲ್ಲಿ ದೂಳು ಚಿಮ್ಮಿತು, ಅದರ ಹಿಂದೆಯೇ ಮರಳು ಹೊರಟಿತು.

ಅದು ಉದುರಲಿಲ್ಲ, ಜಾರಲೂ ಇಲ್ಲ. ಹೊರಟ ರೀತಿಯೇ ಬೇರೆ. ಕಣಕಣದ ನಡುವೆ ಗಾಳಿ ನುಗ್ಗಿ ಮರಳನ್ನೆಲ್ಲ ಎತ್ತಿ ಹಿಡಿದಿತ್ತು. ನೀರಾದ ಅಂಬಲಿಯ ಹಾಗೆ ಅದು ಬಳುಕುತ್ತ ಇಳಿಯಿತು. ಎರಡು ಕಡೆ ತಾನೇ ಸಣ್ಣ ಬದು ಹಾಕಿಕೊಂಡಿತು. ಅಡ್ಡ ಇಟ್ಟ ಕಲ್ಲನ್ನು ಸುತ್ತಿ ತಿರುವು ತೆಗೆದುಕೊಂಡಿತು. ಬುಡಕ್ಕೆ ಬಂದು ಬೀಸಣಿಗೆಯಂತೆ ಹರಡಿ ನಿಂತಿತು. ಗೋಡೆಯ ಮೇಲಿನ ದೊಡ್ಡ ಕೊರಕಲೇ ಗೇಣುದ್ದವಾಗಿ ಅಲ್ಲಿ ಬಿದ್ದಿತ್ತು.

ಬೈಯಮ್ಮ ಗಾಜಿಗೆ ಮೂಗು ಒತ್ತಿಕೊಂಡಿದ್ದಳು. "ಇನ್ನೊಂದ್ಸಲ ಬಿಡು."

ನಸೀಮಾ ಇನ್ನೊಂದು ಸಲ ಬಿಟ್ಟಳು. ಮತ್ತೊಂದು ಸಲವೂ ಬಿಟ್ಟಳು.

"ಒಂದು ತೊಟ್ಟು ನೀರಿಲ್ವಾ ಇದ್ರಾಗೆ?"

"ಇಲ್ಲ."

"ನೀರು ನಡೆಯೋ ಥರಾನೇ ನಡೀತೈತಲ್ಲೇ. ತಿರುವಿನಾಗೆ ಹೊರಗಡೆ ದಡ ಕೊರೀತೈತೆ ನೋಡು, ನಮ್ಮಪ್ಪ ಹೇಳ್ಕೊಟ್ಟಿದ್ದು ಹಂಗೇ. ಇದಕ್ಕೆ ಯಾರು ಹೇಳ್ಕೊಟ್ರು?" ಆಮೇಲೆ ಮೆಲ್ಲಗೆ, "ಇಪ್ಪತ್ತು ವಸಂತ ಊರಿಗೆಲ್ಲ ಮುಂದಿನ ಸಲ ಬರ್ತೈತೆ, ಮುಂದಿನ ಸಲ ಬರ್ತೈತೆ ಅಂತ ಹೇಳ್ಕಂಡು ಬಂದೆ," ಎಂದಳು.

"ನೀನು ಸುಳ್ಳು ಹೇಳ್ಲಿಲ್ಲ ಅತ್ತೆ. ನಿಂಗೆ ಗೊತ್ತಿರ್ಲಿಲ್ಲ."

"ನಿಮ್ಮಪ್ಪಂಗೆ ವಾಸಿ ಕಣಮ್ಮಿ. ಮಣ್ಣಾಗೆ ಮಲಗ್ದ, ಮುಗೀತು. ನಮ್ಮೋರು ಇನ್ನೂ ಹಲಗೆ ಮೇಲೆ ಸಾಲಾಗಿ ನಿಂತವ್ರೆ."

ಮನೆಗೆ ಬಂದು ಬೈಯಮ್ಮ ಗಂಡನ ಡಬ್ಬಿಯನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದಳು. ಬಾವಿಗೆ ಬಿದ್ದ ಚೆಂಬಿನ ಹಾಗೆ ಸದ್ದಿಲ್ಲದೆ ಕುಳಿತಿದ್ದೀಯಲ್ಲ, ಎಲ್ಲ ನನ್ನ ತಲೆಗೆ ಕಟ್ಟಿ ಹೋದೆಯಲ್ಲ ಎಂದು. ಅವತ್ತು ಬೈಗುಳ ಬರಲಿಲ್ಲ. ಹೊಸ ನೀರು ಕೆರೆಗೆ ನುಗ್ಗಿದಾಗ ಒಣಗಿದ ನೆಲದಿಂದ ಏಳುವ ವಾಸನೆಯನ್ನು ನೆನೆಯಲು ನೋಡಿದಳು. ಆ ವಾಸನೆ ಹೇಗಿರುತ್ತಿತ್ತು ಎಂದು ಮಾತಿನಲ್ಲಿ ಹೇಳಬಲ್ಲಳು, ಮೂಗಿಗೆ ಮಾತ್ರ ಬರಲಿಲ್ಲ. ಇಷ್ಟು ವರ್ಷ ಅದು ಮೂಗಿನಲ್ಲೇ ಇದೆ ಎಂದುಕೊಂಡಿದ್ದಳು. ಯಾವತ್ತು ಹೋಯಿತೋ ತಿಳಿಯಲಿಲ್ಲ. ಮಧ್ಯಾಹ್ನವಿಡೀ ಡಬ್ಬಿ ಹಿಡಿದುಕೊಂಡು ಕುಳಿತಿದ್ದಳು. ಒಲೆ ಮೇಲಿಟ್ಟಿದ್ದ ಹುರುಳಿಕಾಳು ಸೀದು ಇದ್ದಿಲಾಯಿತು. ಹೊಗೆ ಗಂಟೆ ಬಡಿದು ಅರ್ಧ ಊರು ಓಡಿ ಬಂದಿತು.

ಮಾರನೆಯ ದಿನ ಕಂಟ್ರೋಲ್ ರೂಮಿನಲ್ಲಿ ಸಭೆ. ದೊರೆಸ್ವಾಮಿ ಊರಿನ ಮೇಲ್ವಿಚಾರಕ. ಒಳ್ಳೆಯ ಮನುಷ್ಯ, ಆದರೆ ಅವನು ನಗಬೇಕಾದರೆ ಒಂದು ವಾರ ಮೊದಲೇ ಅರ್ಜಿ ಕೊಡಬೇಕು. ಹಿಂದಿನ ಗೋಡೆಯ ತುಂಬ ಪರದೆಗಳು, ಒಂದರಲ್ಲಿ ಹನ್ನೆರಡು ಕಿವಿಗಳ ಹನ್ನೆರಡು ಗೆರೆಗಳು ನಡುಗುತ್ತಿದ್ದವು. ಡಬ್ಬಿ ಇಟ್ಟ ಮನೆಯವರೆಲ್ಲ ಬಂದಿದ್ದರು. ನಸೀಮಾ ಎಲ್ಲರಿಗೂ ತಿಳಿಯುವಂತೆ ವಿಷಯ ಹೇಳಿದಳು. ಹೇಳಿ ಮುಗಿಸಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ದೊರೆಸ್ವಾಮಿ ಗಂಟಲು ಸರಿಮಾಡಿಕೊಂಡ. "ನೋಡಿ ಬೈಯಮ್ಮನವರೇ, ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ. ಆದರೆ ನಾಲ್ಕುನೂರು ಜೀವದ ಪ್ರಶ್ನೆ."

"ಹೆಬ್ಬೆಟ್ಟು ಒತ್ತಲ್ಲ ಅಂತ ನಾನೆಲ್ಲಿ ಅಂದೆ? ಗಾಜು ಒಡೆದ್ರೆ ನನ್ನ ಮೂಗಿಗೆ ಬೇರೆ ಗಾಳಿ ಬರ್ತೈತಾ? ಈ ಸಲದ್ದು ಯಾವತ್ತು ಹರೀತೈತೆ, ಅದು ಹೇಳ್ರಿ."

ನಸೀಮಾ ಗೆರೆಗಳನ್ನು ನೋಡಿದಳು. "ಮಂಜಿನಡಿ ಗಾಳಿ ಕಟ್ಕಂತಾ ಐತೆ. ಇನ್ನು ನಾಲ್ಕು ದಿನ. ಬಿಸಿಲು ತಗ್ಗಿಗೆ ಬೀಳೋ ಹೊತ್ತಿಗೆ, ಬೆಳಗ್ಗೆ ಹತ್ತರ ಮೇಲೆ."

"ಹಂಗಾದ್ರೆ ಅವತ್ತು ನಾವು ಹಳ್ಳದ ದಡಕ್ಕೆ ಹೋಗ್ತೀವಿ. ಅದು ಹರಿದ ಮೇಲೆ ಒತ್ತುತೀನಿ. ಮುಂಚೆ ಅಲ್ಲ."

"ಅದು ಅಪಾಯ," ಎಂದ ದೊರೆಸ್ವಾಮಿ.

"ಎಡಗಡೆ ಬಂಡೆ ಎತ್ತರದಾಗೈತೆ ಸಾರ್," ಎಂದಳು ನಸೀಮಾ. "ಅಲ್ಲಿಗೆ ಯಾವತ್ತೂ ಮರಳು ಹತ್ತಿಲ್ಲ. ಹಗ್ಗ ಕಟ್ಕಂಡು ನಿಂತ್ರೆ ಏನಾಗಲ್ಲ."

ಆಗ ಹಿಂದಿನಿಂದ ತಿಪ್ಪಯ್ಯ ಎದ್ದು ನಿಂತ. ಹಲಗೆಯ ಮೇಲಿದ್ದ ಪಾಪಕ್ಕ ಅವನ ತಾಯಿ. "ಬೈಯಮ್ಮ, ಅದು ನೀರೇ ಅಲ್ಲ ಅಂದ್ಮೇಲೆ, ಅದ್ರಾಗೆ ನಮ್ಮವ್ವನ್ನ ಬಿಡಬಹುದಾ? ನೀನು ಹೇಳು. ಬಿಡಬಹುದು ಅಂದ್ರೆ ಬಿಡ್ತೀವಿ, ಬೇಡ ಅಂದ್ರೆ ಇಟ್ಕಂತೀವಿ. ಹೊದಿಕೆ ಹಾಕಿದ್ಮೇಲೆ ಇನ್ನೊಂದು ಸಲ ಅಂತೂ ಇಲ್ಲ."

ಎಲ್ಲರೂ ಬೈಯಮ್ಮನ ಕಡೆ ತಿರುಗಿದರು. ಹೂಂ ಅನ್ನುವುದಕ್ಕೆ ಎಷ್ಟು ಹೊತ್ತು? ಹೂಂ ಎಂದರೆ ಇಪ್ಪತ್ಮೂರು ಮನೆಯವರೂ ಅಂದೇ ನೆಮ್ಮದಿಯಾಗಿ ಮಲಗುತ್ತಿದ್ದರು. ಅವಳ ನಾಲಗೆಯ ತುದಿಯಲ್ಲಿ ಆರು ವಸಂತಗಳಿಂದ ಒಂದು ಮಾತು ಸಿಕ್ಕಿಕೊಂಡಿತ್ತು. ಅದನ್ನು ಅಷ್ಟು ಸುಲಭವಾಗಿ ಉಗುಳಲು ಆಗಲಿಲ್ಲ.

"ನೋಡ್ದೆ ಹೇಳಲ್ಲ," ಎಂದಳು. "ಪೆಟ್ಟಿಗೆಯಾಗಿನದು ಬೇರೆ, ಹಳ್ಳದಾಗಿನದು ಬೇರೆ. ಡಬ್ಬಿ ಎತ್ಕಂಡು ಬರ್ರಿ. ಕಣ್ಣಾರೆ ನೋಡಿ ಹೇಳ್ತೀನಿ. ಬೇಡ ಅಂದ್ರೆ ತಿರುಗಾ ಹಲಗೆ ಮೇಲೆ ಇಡಾಣ."

ನಾಲ್ಕನೆಯ ದಿನ ಬೆಳಗ್ಗೆ ಇಪ್ಪತ್ಮೂರು ಮನೆಯವರು ಬಿಳಿ ಉಡುಪು ತೊಟ್ಟು, ಹೆಲ್ಮೆಟ್ ಹಾಕಿಕೊಂಡು, ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು ಎಡದಂಡೆಯ ಬಂಡೆಯ ಮೇಲೆ ಸಾಲಾಗಿ ನಿಂತರು. ದೂರದಿಂದ ನೋಡಿದವರಿಗೆ ಮಜ್ಜಿಗೆ ಇಸಿದುಕೊಳ್ಳಲು ಬಂದವರ ಹಾಗೆ ಕಾಣುತ್ತಿದ್ದರು. ಬೈಯಮ್ಮ ಎಲ್ಲರಿಗಿಂತ ಮುಂದೆ, ದಡದ ಅಂಚಿನಲ್ಲಿ. ಅವಳ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನಸೀಮಾಳ ಕೈಯಲ್ಲಿತ್ತು. ನಸೀಮಾಳ ಮುಂಗೈ ಮೇಲಿನ ಸಣ್ಣ ಪರದೆಯಲ್ಲಿ ಹನ್ನೆರಡು ಗೆರೆಗಳು ಓಡುತ್ತಿದ್ದವು.

ಬಿಸಿಲು ಗೋಡೆಯ ಅಂಚಿನಿಂದ ಒಂದೊಂದೇ ಮೆಟ್ಟಿಲು ಇಳಿದು ತಗ್ಗಿಗೆ ಬಂದಿತು. ಬಿಳಿ ಮಂಜು ಹೊಳೆಯಿತು. ತುಂಬ ಹೊತ್ತು ಏನೂ ಆಗಲಿಲ್ಲ.

"ಬಂತು ಅತ್ತೆ," ಎಂದಳು ನಸೀಮಾ ರೇಡಿಯೋದಲ್ಲಿ.

ನೆತ್ತಿಯಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ ದೂಳೆದ್ದಿತು. ಅದರಡಿಯಿಂದ ಕಪ್ಪನೆಯ ಮೊನೆಯೊಂದು ಹೊರಬಿದ್ದು ಕಾಲುವೆಗೆ ಇಳಿಯಿತು. ಸದ್ದಿಲ್ಲ. ಅಷ್ಟು ದೊಡ್ಡ ಗೋಡೆ ಅಷ್ಟು ಮಣ್ಣನ್ನು ಬಿಟ್ಟುಕೊಡುತ್ತಿದ್ದರೂ ತೆಳು ಗಾಳಿ ಒಂದು ಪಿಸುಮಾತನ್ನೂ ತರಲಿಲ್ಲ. ಅಂಗಾಲಿಗೆ ಮಾತ್ರ ನೆಲದ ನಡುಕ ಹತ್ತಿತು. ಮೊನೆ ಒಂದು ತಿರುವು ದಾಟಿತು, ಇನ್ನೊಂದು ದಾಟಿತು, ಕಾಲುವೆಯ ತುಂಬ ಉಬ್ಬಿ ಬಂತು. ಎಮ್ಮೆ ಗಾತ್ರದ ಕಲ್ಲುಗಳು ಬೆಂಡಿನಂತೆ ತೇಲಿ ಬಂದವು. ದಡದ ಕೆಳಗೆ ಬರುವ ಹೊತ್ತಿಗೆ ಓಟ ನಿಧಾನವಾಗಿ, ಕಪ್ಪು ರೇಷ್ಮೆಯನ್ನು ಯಾರೋ ಎಳೆದುಕೊಂಡು ಹೋದಂತೆ ಹರಿಯತೊಡಗಿತು.

ಬೈಯಮ್ಮ ನೋಡುತ್ತಲೇ ಇದ್ದಳು.

"ಬೈಯಮ್ಮ, ಹೇಳೇ," ಎಂದ ತಿಪ್ಪಯ್ಯ.

"ತಡಿ."

"ನಾಲ್ಕು ನಿಮಿಷ ಅತ್ತೆ, ಜಾಸ್ತಿ ಅಂದ್ರೆ ಐದು," ಎಂದಳು ನಸೀಮಾ.

"ತಡೀರಿ ಅಂದ್ನಲ್ಲ."

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೈಚೀಲದ ಬಾಯಿಗೆ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನು ಹರಿದು ಕೆಳಗೆ ಹಾಕಿದಳು. ತವರೂರಲ್ಲಿ ಅವಳ ಅಪ್ಪ ಹೊಸ ನೀರಿಗೆ ಹುಲ್ಲುಕಡ್ಡಿ ಹಾಕುತ್ತಿದ್ದ. ಕಡ್ಡಿ ಅಲ್ಲೇ ಸುತ್ತಿದರೆ ಅದು ನಿಂತ ನೀರು, ಮನೆಗೆ ಹೋಗುತ್ತಿದ್ದ. ಮುಂದೆ ಹೋದರೆ ಮಾತ್ರ ಊರಿಗೆ ಸಾರುತ್ತಿದ್ದ. ಬಟ್ಟೆಯ ಚೂರು ಮರಳಿನ ಮೇಲೆ ಬಿದ್ದು ಒಂದು ಸಲ ಹೊರಳಿತು. ಮುಳುಗಲಿಲ್ಲ. ಏಳುತ್ತ ಬೀಳುತ್ತ ಹೊರಟಿತು. ತಿರುವಿನಲ್ಲಿ ಒಂದು ಗಳಿಗೆ ಅನುಮಾನಿಸಿ, ದಡಕ್ಕೆ ತಾಗಿ, ಬಿಡಿಸಿಕೊಂಡು, ಬಂಡೆಯ ಆಚೆಗೆ ಹೋಯಿತು. ತಿರುಗಿ ಬರಲಿಲ್ಲ.

"ನೀರಲ್ಲ," ಎಂದಳು ಬೈಯಮ್ಮ.

ಇಪ್ಪತ್ತೆರಡು ಹೆಲ್ಮೆಟ್ಟುಗಳು ತಗ್ಗಿದವು.

"ನೀರಲ್ಲ. ಆದ್ರೂ ಹೋಗ್ತೈತೆ. ಹರಿದು ಹೋಗ್ತೈತೆ. ನೀರಗಂಟಿ ಹೇಳ್ತಾ ಇವ್ನಿ, ಹಳ್ಳ ಬಂತು. ಬಿಡ್ರಿ."

ಒಬ್ಬೊಬ್ಬರೇ ಅಂಚಿಗೆ ಬಂದು ಡಬ್ಬಿ ಬಗ್ಗಿಸಿದರು. ಅಲ್ಲಿಯ ಬೂದಿ ಗಾಳಿಗೆ ಹಾರುವುದಿಲ್ಲ. ನಿಧಾನವಾಗಿ, ನೇರವಾಗಿ, ಇಳಿಯಲು ಮನಸ್ಸಿಲ್ಲದ ಹಾಗೆ ಇಳಿಯುತ್ತದೆ. ಕಪ್ಪು ಮರಳಿನ ಮೇಲೆ ಬೂದು ಬಣ್ಣದ ಗೆರೆಗಳು ಎದ್ದು, ಉದ್ದವಾಗಿ, ಬಂಡೆಯಾಚೆ ಹೋದವು. "ಹೋಗಿ ಬಾರವ್ವ," ಎಂದ ತಿಪ್ಪಯ್ಯ. ಪಾಪಕ್ಕ ಯಾರನ್ನೂ ತಿರುಗಿ ನೋಡದೆ ಎಲ್ಲರಿಗಿಂತ ಬೇಗ ಹೋದಳು. ಅವಳ ಬುದ್ಧಿ ಯಾವತ್ತೂ ಅಷ್ಟೇ.

ಇಪ್ಪತ್ತೆರಡು ಡಬ್ಬಿ ಬರಿದಾದವು. ಬೈಯಮ್ಮನ ಕೈ ಮಾತ್ರ ಡಬ್ಬಿಯ ಮುಚ್ಚಳದ ಮೇಲೇ ಇತ್ತು. ಹರಿಯುವುದೆಂದರೆ ಹೋಗುವುದು, ವಾಪಸ್ಸು ಬರುವುದಲ್ಲ ಎಂದು ಊರಿಗೆಲ್ಲ ಹೇಳಿದವಳು ಅವಳೇ. ಮುದ್ದೆ ತಿರುವುವಾಗ ನಾಳೆಯಿಂದ ಯಾರನ್ನು ಬೈಯುವುದು ಎಂಬುದನ್ನು ಅವಳು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

"ಅತ್ತೆ, ಒತ್ತಡ ಇಳೀತಾ ಐತೆ. ಇನ್ನೊಂದು ನಿಮಿಷ ಇಲ್ಲ."

ಬೈಯಮ್ಮ ಮುಚ್ಚಳ ತೆಗೆದಳು. ರೇಡಿಯೋ ಎಲ್ಲರ ಕಿವಿಗೂ ಕೇಳಿಸುತ್ತದೆ ಎಂಬುದನ್ನು ಮರೆತಿದ್ದಳೋ, ಕೇಳಿದರೆ ಕೇಳಲಿ ಎಂದುಕೊಂಡಳೋ, ಡಬ್ಬಿಯೊಳಗೆ ಬಗ್ಗಿ, "ಬಂತು ಕಣಯ್ಯ," ಎಂದಳು.

ಅವನೂ ಹೋದ. ತಿರುವಿನಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ.

ಆಮೇಲೆ ಜನ ಮೆಲ್ಲಗೆ ಊರಿನ ಕಡೆ ತಿರುಗಿದರು. ಬೈಯಮ್ಮ ಸೊಂಟದ ಹಗ್ಗ ಬಿಚ್ಚಿ, ನಸೀಮಾ ಬೇಡ ಬೇಡವೆನ್ನುವಷ್ಟರಲ್ಲಿ ದಡ ಇಳಿದು, ಹಳ್ಳದ ಜೊತೆಗೇ ಕೆಳಗೆ ನಡೆದಳು. ಮರಳು ಕೆರೆಯ ಅಂಗಳಕ್ಕೆ ನುಗ್ಗಿ, ಹರಡಿ, ಏರಿಯ ಕಲ್ಲುಗಳಿಗೆ ಮೆತ್ತಗೆ ಒರಗಿತ್ತು. ಕಲ್ಲುಗಳೆಲ್ಲ ಮೇಲೆಯೇ ಕೂತುಬಿಟ್ಟಿದ್ದವು, ಗಾಜಿನ ತೋಟದ ಕಡೆ ಒಂದೂ ಹೋಗಿರಲಿಲ್ಲ. ಹೊಸ ಮಣ್ಣು ಹೂಳಿನ ಹಾಗೆ ನುಣ್ಣಗಿತ್ತು. ಅವಳು ಒಂದು ಕಾಲು ಇಟ್ಟಳು. ಕಣಕಾಲವರೆಗೆ ಇಳಿಯಿತು. ಇನ್ನೊಂದು ಕಾಲನ್ನೂ ಇಟ್ಟಳು. ಮರಳಿನೊಳಗೆ ಸಿಕ್ಕಿಕೊಂಡಿದ್ದ ಮಂಜಿನ ಚೂರುಗಳು ಇನ್ನೂ ಗಾಳಿಯಾಗುತ್ತಿದ್ದವು. ಬೂಟಿನಡಿಯಲ್ಲಿ, ಕಣಕಾಲಿನ ಸುತ್ತ, ಸಣ್ಣಗೆ ಏನೋ ಸರಿಯುತ್ತ, ತಳ್ಳುತ್ತ, ಉಕ್ಕುತ್ತ ಇತ್ತು.

"ಬೈಯಮ್ಮನವರೇ, ಆ ಹೆಬ್ಬೆಟ್ಟಿನ ಕೆಲಸ," ಎಂದಿತು ಕಂಟ್ರೋಲ್ ರೂಮಿನಿಂದ ದೊರೆಸ್ವಾಮಿಯ ದನಿ.

"ಹೆಬ್ಬೆಟ್ಟು ಎಲ್ಲೂ ಓಡೋಗಲ್ಲ ಸ್ವಾಮಿ. ಒತ್ತುತೀನಿ."

ನಸೀಮಾ ಏರಿಯ ಮೇಲೆ ಬಂದು ನಿಂತಳು. "ಅತ್ತೆ, ಬಾ. ಸಿಲಿಂಡರಿನಾಗೆ ಅರ್ಧ ಗಂಟೆ ಗಾಳಿ ಐತೆ ಅಷ್ಟೆ."

"ಬಂದೆ ಕಣಮ್ಮಿ. ಇನ್ನೂ ನಿಂತಿಲ್ಲ ಇದು. ಕಾಲಡೀಲಿ ಹೋಗ್ತಾನೇ ಐತೆ. ನಿಂತ ತಕ್ಷಣ ಬರ್ತೀನಿ."

ನಸೀಮಾ ಮುಂಗೈ ನೋಡಿಕೊಂಡಳು. ಹನ್ನೆರಡು ಗೆರೆಗಳೂ ಮಟ್ಟಸವಾಗಿ ಮಲಗಿದ್ದವು. ಗೋಡೆ ಸುಮ್ಮನಾಗಿ ಹತ್ತು ನಿಮಿಷವಾಗಿತ್ತು.

"ಆಗ್ಲಿ ಅತ್ತೆ," ಎಂದು ಅವಳು ಏರಿಯ ಕಲ್ಲಿನ ಮೇಲೆ ಕುಳಿತುಕೊಂಡಳು.